ನೀರಿನ ಉಷ್ಣತೆಯೂ ಹಡಗಿನ ಹೊರೆಗೆರೆಯೂ

ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ ಎಂಬುದು ಲೋಕರೂಢಿಯ ಮಾತು. ಆದರೆ ಗುಲಗಂಜಿ ತೂಕದ ಕಬ್ಬಿಣದ ಚೂರು ಮುಳುಗುತ್ತದೆ. ಸಾವಿರಾರು ಟನ್ ತೂಕದ ಉಕ್ಕಿನ ಹಡಗು ತೇಲುತ್ತದೆ. ಆದುದರಿಂದ ಇದನ್ನು ನಿರ್ಣಯಿಸುವುದು ವಸ್ತುವಿನ ತೂಕವೊಂದೇ ಅಲ್ಲವೆಂಬುದು ಸ್ಪಷ್ಟ. ವಸ್ತುವು ತನಗೆ ಎಡೆಮಾಡಿಕೊಳ್ಳಲು ಎಷ್ಟು ನೀರನ್ನು ಸರಿಸುವುದೋ, ಆ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆತ್ತುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಾಕ್ಯೂಸ್ ನಗರದ ಆರ್ಕಿಮಿಡೀಸನು ಕಂಡುಕೊಂಡ ತತ್ತ್ವವಿದು. ಸರಿಸಿದ ನೀರಿನ ತೂಕವು ಹಡಗಿನ ಒಟ್ಟು ತೂಕಕ್ಕೆ ಸಮನಾಗುವವರೆಗೆ ಹಡಗು ತಗ್ಗುತ್ತದೆ, ಸಮನಾದೊಡನೆ ನಿಲ್ಲುತ್ತದೆ.

ಹಾಗಿದ್ದರೆ ನೀರಿನ ತೂಕ ಎಲ್ಲೆಡೆಯೂ ಒಂದೇ ಆಗಿದೆಯೆ? ಇಲ್ಲ. ಒಂದು ಗೊತ್ತಾದ ಗಾತ್ರದಲ್ಲಿ ಅಡಕವಾಗಿರುವ ದ್ರವ್ಯದ ಮೊತ್ತವನ್ನು ಸಾಂದ್ರತೆ ಎನ್ನುತ್ತಾರೆ. ೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಶುದ್ಧಜಲದ ತೂಕ ಸುಮಾರು ೧೦೦೦ ಕಿಲೋಗ್ರಾಂ. ಅದೇ ಗಾತ್ರದ ನೀರು ೩೦ ಡಿಗ್ರಿಯಲ್ಲಿ ಸುಮಾರು ೯೯೬ ಕಿಲೋಗ್ರಾಂ ಮಾತ್ರ. ಕಾವೇರಿದಾಗ ನೀರಿನ ಅಣುಗಳು ಪರಸ್ಪರ ದೂರ ಸರಿದು ನೀರು ಹಿಗ್ಗುವುದೇ ಇದಕ್ಕೆ ಕಾರಣ. ವಿಚಿತ್ರವೆಂದರೆ, ೪ ಡಿಗ್ರಿಗಿಂತ ಕೆಳಗೆ ತಣಿದಾಗಲೂ ಶುದ್ಧಜಲವು ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ಅದರ ತೂಕ ಘನ ಮೀಟರಿಗೆ ೯೧೭ ಕಿಲೋಗ್ರಾಂಗೆ ಇಳಿಯುತ್ತದೆ. ಎಂತಲೇ ಮಂಜುಗಡ್ಡೆಯು ನೀರಿನ ಮೇಲೆ ತೇಲುತ್ತದೆ. ಕಡಲ ನೀರಾದರೋ ಉಪ್ಪಿನಿಂದ ಕೂಡಿರುವ ಕಾರಣ ಇನ್ನೂ ಸಾಂದ್ರ. ಅದು ೦ ಡಿಗ್ರಿಯಲ್ಲಿ ಸುಮಾರು ೧೦೨೮, ೩೦ ಡಿಗ್ರಿಯಲ್ಲಿ ಸುಮಾರು ೧೦೨೨ ಕಿಲೋಗ್ರಾಂ ತೂಗುತ್ತದೆ.

ಈ ಅಲ್ಪ ವ್ಯತ್ಯಾಸದಿಂದ ಆಗುವುದೇನು ಎಂದು ಕೇಳಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಸರಕೂ ಸೇರಿ ೧೦,೦೦೦ ಟನ್ ತೂಗುವ ಹಡಗೊಂದಿದೆ. ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ೨೦೦೦ ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಅದು ೦ ಡಿಗ್ರಿಯ ಶೀತಸಾಗರದಿಂದ ೩೦ ಡಿಗ್ರಿಯ ಉಷ್ಣಸಾಗರಕ್ಕೆ ಬಂದರೆ ಸುಮಾರು ೩ ಸೆಂಟಿಮೀಟರ್ ತಗ್ಗುತ್ತದೆ. ಅದೇ ಉಷ್ಣತೆಯ ಸಿಹಿನೀರಿನ ನದಿಯೊಳಕ್ಕೆ ನಡೆದರೆ ಮತ್ತೆ ಸುಮಾರು ೧೩ ಸೆಂಟಿಮೀಟರ್ ತಗ್ಗುತ್ತದೆ. ಒಂದು ಮೂಟೆಯನ್ನೂ ಹೆಚ್ಚಾಗಿ ಹೇರಿಲ್ಲ. ಬದಲಾದುದು ನೀರು ಮಾತ್ರ. ಆದರೆ ನೀರಿನಿಂದ ಮೇಲಕ್ಕೆ ಉಳಿಯುವ ಒಡಲಿನ ಭಾಗವೇ ಬಿರುಗಾಳಿಯಲ್ಲಿ ಹಡಗಿಗೆ ರಕ್ಷೆ. ಅದು ಕುಗ್ಗಿದಷ್ಟೂ ಅಲೆಗಳು ಮೇಲಂಗಳವನ್ನು ನುಗ್ಗುವುದು ಸುಲಭ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಲಾಭದಾಸೆಯ ಕೆಲವು ಒಡೆಯರು ಜೀರ್ಣವಾದ ಹಡಗುಗಳಿಗೆ ಮಿತಿಮೀರಿ ಸರಕು ಹೇರಿ, ಭಾರಿ ಮೊತ್ತಕ್ಕೆ ವಿಮೆ ಮಾಡಿಸಿ ಕಳುಹುತ್ತಿದ್ದರು. ಹಡಗು ಮುಳುಗಿದರೆ ಒಡೆಯನಿಗೆ ವಿಮೆಯ ಹಣ. ನಾವಿಕರ ಮಡದಿಮಕ್ಕಳಿಗೆ ಅನಾಥಸ್ಥಿತಿ. ಜನರು ಅವನ್ನು ಶವಪೆಟ್ಟಿಗೆ ಹಡಗುಗಳೆಂದೇ ಕರೆದರು. ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲನು ೧೮೭೩ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ ಈ ಅನ್ಯಾಯವನ್ನು ಬಯಲಿಗೆಳೆದನು. ೧೮೭೫ರಲ್ಲಿ ಸರ್ಕಾರವು ಮಸೂದೆಯನ್ನು ಕೈಬಿಟ್ಟಾಗ ಸಭೆಯಲ್ಲೇ ಕೆರಳಿ ನಿಂತನು. ಜನಾಭಿಪ್ರಾಯದ ಒತ್ತಡದಿಂದ ೧೮೭೬ರಲ್ಲಿ ಹಡಗಿನ ಪಾರ್ಶ್ವದಲ್ಲಿ ಹೊರೆಗೆರೆ ಬರೆಯುವುದು ಕಡ್ಡಾಯವಾಯಿತು. ಆದರೆ ಗೆರೆಯನ್ನು ಎಲ್ಲಿ ಬರೆಯಬೇಕೆಂಬುದು ಒಡೆಯನ ಇಚ್ಛೆಗೇ ಉಳಿದಿತ್ತು. ಅದರ ಸ್ಥಾನವನ್ನು ಕಾನೂನು ನಿಗದಿಮಾಡಿದುದು ೧೮೯೦ರಲ್ಲಿ. ಮುಂದೆ ೧೯೩೦ರ ಹಾಗೂ ೧೯೬೬ರ ಅಂತರರಾಷ್ಟ್ರೀಯ ಒಪ್ಪಂದಗಳಿಂದ ಅದು ಲೋಕವ್ಯಾಪಿಯಾಯಿತು.

ನವಮಂಗಳೂರು ಬಂದರಿಗೆ ಬರುವ ಸರಕು ಹಡಗುಗಳ ಪಾರ್ಶ್ವದಲ್ಲಿಯೂ ಈ ಗುರುತನ್ನು ಕಾಣಬಹುದು: ಒಂದು ವೃತ್ತ, ಅದರ ನಡುವೆ ಹಾಯ್ದ ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲುಗಳಂತಹ ಗೆರೆಗಳು. ಎಲ್ಲಕ್ಕೂ ಮೇಲಿನದು ಉಷ್ಣವಲಯದ ಸಿಹಿನೀರಿಗೆ. ಅದರ ಕೆಳಗೆ ಸಿಹಿನೀರು, ಉಷ್ಣವಲಯದ ಕಡಲು, ಬೇಸಿಗೆ, ಚಳಿಗಾಲ ಎಂಬ ಕ್ರಮ. ಸಿಹಿನೀರಿನ ಗೆರೆ ಮೇಲಿರುವುದೇಕೆಂದರೆ, ಅಲ್ಲಿ ಹೆಚ್ಚಾಗಿ ತಗ್ಗಿದ ಹಡಗು ಕಡಲನ್ನು ಸೇರಿದೊಡನೆ ತಾನಾಗಿಯೇ ಮೇಲೇಳುತ್ತದೆ. ಚಳಿಗಾಲದ ಗೆರೆ ಕೆಳಗಿರುವುದಕ್ಕೆ ಮಾತ್ರ ನೀರಿನ ಸಾಂದ್ರತೆಯೇ ಮುಖ್ಯ ಕಾರಣವೆಂದು ತಿಳಿಯಬಾರದು. ಆ ಋತುವಿನ ಕಡಲುಗಳ ಬಿರುಗಾಳಿಯನ್ನು ನೆನೆದು ಹೊರೆಯನ್ನು ಅಲ್ಲಿ ತಗ್ಗಿಸಲಾಗಿದೆ.

ಇದನ್ನು ತರಗತಿಯಲ್ಲಿ ತೋರಿಸಲು ದುಬಾರಿ ಸಲಕರಣೆ ಬೇಕಿಲ್ಲ. ಗಾಜಿನ ಕಿರುಸೀಸೆಯೊಂದಕ್ಕೆ ತಕ್ಕಷ್ಟು ಮರಳು ತುಂಬಿ, ಬಿರಡೆಗೆ ತೆಳುವಾದ ಕಡ್ಡಿಯೊಂದನ್ನು ಚುಚ್ಚಿ ಬಿಗಿಯಾಗಿ ಮುಚ್ಚಬೇಕು. ತಣ್ಣೀರಿನಲ್ಲಿ ಕಡ್ಡಿಯ ಅರ್ಧಭಾಗ ಮಾತ್ರ ಮೇಲೆ ಕಾಣುವಂತೆ ಮರಳನ್ನು ಹೊಂದಿಸಿ, ನೀರು ಮುಟ್ಟಿದ ಕಡೆ ಗೆರೆ ಎಳೆಯಬೇಕು. ಅನಂತರ ಕೈಗೆ ತಾಳುವಷ್ಟು ಬಿಸಿಯಾದ ನೀರಿಗೆ ಬಿಟ್ಟರೆ ಗೆರೆ ಮುಳುಗುತ್ತದೆ. ಉಪ್ಪುನೀರಿಗೆ ಬಿಟ್ಟರೆ ಮೇಲೇಳುತ್ತದೆ. ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ತತ್ತ್ವವೂ ಇದೇ. ಬೆಚ್ಚಗಿನ ಹಾಲಿನಲ್ಲಿ ಅದು ಹೆಚ್ಚಾಗಿ ಮುಳುಗುವುದರಿಂದ, ಉಷ್ಣತೆಗೆ ತಕ್ಕ ತಿದ್ದುಪಡಿ ಮಾಡದಿದ್ದರೆ ನೀರು ಬೆರೆಸದ ರೈತನ ಮೇಲೂ ಅಪವಾದ ಬಂದೀತು.

ಸಾಂದ್ರತೆಯ ಸೂತ್ರವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿದ್ಯಾರ್ಥಿಗೆ ಈ ಗೆರೆಯ ಕಥೆಯನ್ನೂ ಹೇಳಬೇಕು. ಕೆಲವೇ ಅಂಗುಲಗಳ ಲೆಕ್ಕದ ಮೇಲೆ ಕಡಲಿಗೆ ಹೋದವರು ಮನೆಗೆ ಮರಳುವುದು ನಿಂತಿದೆಯೆಂದು ತಿಳಿದಾಗ, ಆ ಸೂತ್ರದ ಬೆಲೆ ಅವನಿಗೆ ಅರಿವಾಗುತ್ತದೆ.