ಸಜ್ಜಿಗೆಯ ಗೋಧಿ, ಕೊರಳಿನ ಗ್ರಂಥಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠವಿತ್ತು. ಅಲ್ಲಿ ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧೋಪಚಾರ ನಡೆಯುತ್ತಿತ್ತೆಂದು 1162ರ ಶಾಸನವೊಂದು ಹೇಳುತ್ತದೆ. ಊಟವೇ ಔಷಧವಾಗುವ ಕಾಯಿಲೆಯೊಂದರ ಬಗ್ಗೆ ಬರೆಯಲು ಕುಳಿತಾಗ ಆ ಮಠ ನೆನಪಾಯಿತು.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕೆಲವರಿಗೆ ಆಗಿಬರುವುದಿಲ್ಲ. ಅದು ಹೊಟ್ಟೆಗೆ ಹೋದಾಗಲೆಲ್ಲ ದೇಹದ ರೋಗನಿರೋಧಕ ಶಕ್ತಿ ಸ್ವಂತ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯ ನವಿರಾದ ಕುಚ್ಚುಗಳು ಸವೆದುಹೋಗಿ, ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ, ರಕ್ತಹೀನತೆ, ಬೆಳೆಯದ ಮಕ್ಕಳು, ಸವೆದ ಮೂಳೆ - ಹೀಗೆ ಅದರ ವೇಷಗಳು ಹಲವು. ಇದರ ಗುಟ್ಟು ಗೋಧಿಯಲ್ಲಿದೆ ಎಂದು ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ, 1950ರಲ್ಲಿ.

ಅಕ್ಕಿ ರೊಟ್ಟಿ, ಕಡುಬು ತಿನ್ನುವ ಸೊರಬ, ಶಿಕಾರಿಪುರದವರಿಗೆ ಈ ಗೋಧಿಪುರಾಣವೇಕೆ? ಪ್ರಶ್ನೆ ಸರಿಯೇ. 2016ರಲ್ಲಿ ಪ್ರಕಟವಾದ, 23 ಸಾವಿರಕ್ಕೂ ಹೆಚ್ಚು ವಯಸ್ಕರ ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ಶೇಕಡಾ 1.23 ಮಂದಿಯ ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಇದ್ದರೆ, ದಕ್ಷಿಣದಲ್ಲಿ ಇದ್ದದ್ದು ಶೇಕಡಾ 0.10 ಮಂದಿಯಲ್ಲಿ ಮಾತ್ರ. ಆದರೆ ಕಾಯಿಲೆಗೆ ಎಡೆಮಾಡುವ ವಂಶವಾಹಿ ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಸಕ್ಕರೆ ಕಾಯಿಲೆಯವರ ರಾತ್ರಿಯೂಟ ಚಪಾತಿಯಾಗಿದೆ. ಬೇಕರಿ ಇಲ್ಲದ ಹೋಬಳಿ ಕೇಂದ್ರ ಎಲ್ಲಿದೆ, ಹೇಳಿ.

ಇನ್ನು ಕೊರಳಿನ ಕಥೆ. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ, ಇವು ಪ್ಯಾರಾಥೈರಾಯ್ಡ್. (ಮೊದಲು ಇದನ್ನು ವರ್ಣಿಸಿದ್ದು ಮನುಷ್ಯನಲ್ಲಲ್ಲ, ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ!) ರಕ್ತದ ಕ್ಯಾಲ್ಸಿಯಂ ಅಂದರೆ ಸುಣ್ಣದಂಶ ಇಳಿಯದಂತೆ ಕಾಯುವುದು ಇವುಗಳ ಹಾರ್ಮೋನು. ಅದು ಕಡಿಮೆಯಾದರೆ ತುಟಿಯ ಸುತ್ತ ಜುಮುಜುಮು, ಕೈಬೆರಳು ಸೆಟೆದುಕೊಳ್ಳುವುದು, ಒಮ್ಮೊಮ್ಮೆ ಫಿಟ್ಸ್, ಎಳೆ ವಯಸ್ಸಿನಲ್ಲೇ ಕಣ್ಣಿನ ಪೊರೆ. ಕ್ಯಾಲ್ಸಿಯಂ ನೋಡದೆ ವರ್ಷಗಟ್ಟಲೆ ಬರೀ ಫಿಟ್ಸಿನ ಮಾತ್ರೆ ನುಂಗುವವರಿದ್ದಾರೆ. ಗಾಳಿ ಸೋಕಿತೆಂದು ದೇವರ ಮುಂದೆ ಕೂರಿಸುವವರೂ ಇಲ್ಲದಿಲ್ಲ.

ಇವೆರಡೂ ಒಬ್ಬರಲ್ಲೇ ಕೂಡುವುದು ಅಪರೂಪ, ಆದರೆ ಕೂಡಿದಾಗ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಸೀಲಿಯಾಕ್‌ನಿಂದ ಕ್ಯಾಲ್ಸಿಯಂ ಇಳಿದರೆ ಈ ಹಾರ್ಮೋನು ಏರಬೇಕು. ಏರದಿದ್ದರೆ ಅನುಮಾನಿಸಬೇಕು. ಕೆಟ್ಟ ಕರುಳಿನಿಂದ ಮೆಗ್ನೀಸಿಯಂ ತೀರಾ ಇಳಿದು ಗ್ರಂಥಿ ಮಂಕಾಗಿರಬಹುದು. ಹಾಗಿದ್ದರೆ ಮೆಗ್ನೀಸಿಯಂ ತುಂಬಿಸಿದ ಮೇಲೆ ಅದು ಮತ್ತೆ ಎಚ್ಚರಗೊಳ್ಳುತ್ತದೆ. ಇಲ್ಲವೇ ಕರುಳಿನ ಮೇಲೆ ತಿರುಗಿಬಿದ್ದಂಥದೇ ರೋಗನಿರೋಧಕ ಗೊಂದಲ ಗ್ರಂಥಿಯನ್ನೂ ಹಾಳು ಮಾಡಿರಬಹುದು. ಆಗ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವಮಾನದ ಸಂಗಾತಿಗಳು. ಎಷ್ಟು ಮಾತ್ರೆ ಕೊಟ್ಟರೂ ಕ್ಯಾಲ್ಸಿಯಂ ಏರದ ರೋಗಿಯಲ್ಲಿ ಸೀಲಿಯಾಕ್ ಅಡಗಿದೆಯೇ ಎಂದು ನೋಡುವುದು ಜಾಣತನ. ಗೋಧಿ ಬಿಟ್ಟ ಮೇಲೆ ಕರುಳು ಚಿಗುರಿ, ಅದೇ ಮಾತ್ರೆ ಅತಿಯಾಗಿ ಕ್ಯಾಲ್ಸಿಯಂ ಮಿತಿ ಮೀರುವುದೂ ಉಂಟು. ಹಾಗಾಗಿ ಪಥ್ಯ ಶುರುವಾದ ಮೇಲೆ ರಕ್ತಪರೀಕ್ಷೆ ಬಿಡಬಾರದು.

ಒಂದು ಎಚ್ಚರಿಕೆ: ಅನುಮಾನ ಬಂದೊಡನೆ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿ ಪ್ರತಿಕಾಯಗಳು ಇಳಿದು, ಕರುಳಿನ ತುಣುಕಿನ ಪರೀಕ್ಷೆಯಲ್ಲೂ ಕಾಯಿಲೆ ಸಿಕ್ಕದೆ ಹೋದೀತು.

ಪಥ್ಯ ನಮ್ಮ ಮಲೆನಾಡ ಅಡುಗೆಮನೆಗೆ ಕಷ್ಟವಲ್ಲ. ಅಕ್ಕಿ, ರಾಗಿ, ಜೋಳ ಯಾವುದಕ್ಕೂ ತಡೆಯಿಲ್ಲ. ಮೋಸ ಮಾಡುವವು ಸಣ್ಣಪುಟ್ಟವು. ಉಪ್ಪಿಟ್ಟಿನ ರವೆ, ಶ್ಯಾವಿಗೆ ಸರಿ, ಕಣ್ಣಿಗೆ ಕಾಣುತ್ತವೆ. ಸಾರಿನ ಒಗ್ಗರಣೆಯ ಇಂಗು? ಡಬ್ಬಿಯ ಇಂಗಿಗೆ ಬಹಳ ಸಲ ಗೋಧಿಹಿಟ್ಟು ಬೆರೆತಿರುತ್ತದೆ. ಚೀಟಿ ಓದಿಯೇ ಕೊಳ್ಳಬೇಕು. ಎಲ್ಲಕ್ಕಿಂತ ಇಕ್ಕಟ್ಟು ಸತ್ಯನಾರಾಯಣ ಪೂಜೆಯ ಸಜ್ಜಿಗೆಯದು. ಪ್ರಸಾದ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಪೂಜೆಯ ಕಥೆಯನ್ನು ಗಮನವಿಟ್ಟು ಕೇಳಿದವರಿಗೆ ಗೊತ್ತು: ಗೋಧಿ ಇಲ್ಲದಿದ್ದರೆ ಅಕ್ಕಿಹಿಟ್ಟು ಆದೀತೆಂದು ಅದರಲ್ಲೇ ಹೇಳಿದೆ.