ಹಿಮಕ್ಕೆ ಎತ್ತರ ಬೇಕು, ಕಣ್ಣಿಗೆ ಮರ ಬೇಕು

“ತುಂಬಾ ಎತ್ತರದ ಜಾಗ ಸರ್, ಹಿಮ ಗ್ಯಾರಂಟಿ” ಎಂದಿದ್ದ ಟ್ರಾವೆಲ್ ಏಜೆಂಟ್. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜಾರ್ಜಿಯದ ಗುಡೌರಿಯಲ್ಲಿ ನಾವು ವ್ಯಾನಿನಿಂದ ಕೆಳಗಿಳಿದಾಗ ಮೊಣಕಾಲಿನವರೆಗೆ ಹಿಮ ಇತ್ತು. ನಾವಾಗ ದೇರಾದಲ್ಲಿದ್ದೆವು, ಅಕ್ಕ ಭಾವ ಶಾರ್ಜಾದಲ್ಲಿ. ಯುಎಇ ರೆಸಿಡೆನ್ಸ್ ವೀಸಾ ಇದ್ದವರಿಗೆ ಜಾರ್ಜಿಯಕ್ಕೆ ಹೋಗಿ ಬರುವುದು ಸುಲಭ, ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಹಾಗಾಗಿ ಚಳಿಗಾಲದ ರಜೆ ಬಂತೆಂದರೆ ಕೊಲ್ಲಿಯಲ್ಲಿರುವ ನಮ್ಮವರ ಎಷ್ಟೋ ಕುಟುಂಬಗಳು ಅತ್ತ ಹೊರಡುವುದುಂಟು. ನಮ್ಮ ಮಕ್ಕಳಿಗೂ ಸ್ಕೀಯಿಂಗ್ ಹೊಸತಲ್ಲ. 2005ರಲ್ಲಿ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ ಶುರುವಾದ ಸ್ಕೀ ದುಬೈಯಲ್ಲಿ ಎರಡು ವರ್ಷ ಜಾರಿ, ಬಿದ್ದು, ಕಲಿತಿದ್ದರು. ಆದರೆ ಅಲ್ಲಿನ ಅತಿ ಉದ್ದದ ಇಳಿಜಾರು 400 ಮೀಟರ್. ತಲೆ ಮೇಲೆ ಸೂರು, ಅದರಲ್ಲಿ ದೀಪ. ಮೋಡ ಎಂಬುದೇ ಇಲ್ಲ.

ಗುಡೌರಿಯಲ್ಲಿ ಮರುದಿನ ಬೆಳಗ್ಗೆ ಮೋಡ ಇಳಿಯಿತು.

ನಮ್ಮ ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜಿನಲ್ಲಿ ಗಾಡಿ ಓಡಿಸಿದವರಿಗೆ ಅರ್ಧ ಅರ್ಥವಾದೀತು. ಅರ್ಧ ಮಾತ್ರ. ಏಕೆಂದರೆ ಚಾರ್ಮಾಡಿಯಲ್ಲಿ ಏನೂ ಕಾಣದಿದ್ದರೂ ರಸ್ತೆ ಕಪ್ಪು ಉಂಟು, ಬದಿಯಲ್ಲಿ ತಡೆಗೋಡೆ ಉಂಟು, ಮರದ ಕಾಂಡ ಉಂಟು. ಅಲ್ಲಿ ನೆಲವೂ ಬಿಳಿ, ಆಕಾಶವೂ ಬಿಳಿ, ಎರಡರ ನಡುವೆ ಗೆರೆಯೇ ಇಲ್ಲ. ನೆರಳು ಬೀಳದ ಕಾರಣ ಮುಂದೆ ಇರುವುದು ಉಬ್ಬೋ ತಗ್ಗೋ ಗೊತ್ತಾಗುವುದಿಲ್ಲ. ನಿಂತಿದ್ದೇವೆ ಎಂದುಕೊಂಡರೆ ಜಾರುತ್ತಿರುತ್ತೇವೆ, ಜಾರುತ್ತಿದ್ದೇವೆ ಎಂದುಕೊಂಡರೆ ನಿಂತಿರುತ್ತೇವೆ. ನಮ್ಮಲ್ಲಿ ಒಬ್ಬರಿಗೆ ಹಡಗಿನಲ್ಲಿ ಆದ ಹಾಗೆ ವಾಂತಿ ಬಂತು.

ಅಕ್ಕನ ಮಗಳಿಗೆ ಆಗ ಹದಿನಾಲ್ಕು. ಎಲ್ಲರಿಗಿಂತ ಚೆನ್ನಾಗಿ ಸ್ಕೀ ಮಾಡುವವಳು, ಹಾಗಾಗಿ ಮುಂದೆ ಹೋದಳು. ಕೆಳಗಿನ ಲಿಫ್ಟಿನ ಹತ್ತಿರ ನಾವು ಒಬ್ಬೊಬ್ಬರಾಗಿ ಬಂದು ಸೇರಿದೆವು, ಅವಳು ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಕ್ಕನ ತುಟಿ ಅಲುಗುತ್ತಿತ್ತು, ಏನೋ ಓದುತ್ತಿದ್ದಳು, ನಮಗೆ ಕೇಳಿಸಲಿಲ್ಲ. ನಲವತ್ತು ನಿಮಿಷವಾದ ಮೇಲೆ ಹುಡುಗಿ ಒಬ್ಬ ಗಸ್ತಿನವನ ಹಿಂದೆ ಬಂದಳು. ದಾರಿ ತಪ್ಪಿದ್ದು ಗೊತ್ತಾದ ಕೂಡಲೇ ಒಂದು ಗುರುತಿನ ಕಂಬ ಸಿಕ್ಕಿತಂತೆ, ಅದನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದಳಂತೆ. “ಒಂದು ಮರ ಇದ್ದಿದ್ದರೆ ಸಾಕಿತ್ತು ಉಮ್ಮ” ಎಂದಳು.

ಉಳಿದ ಎರಡು ದಿನ ಗಾಳಿಗೆ ಮೇಲಿನ ಲಿಫ್ಟುಗಳು ಬಂದ್. ಹೋಟೆಲಿನ ಕಿಟಕಿಯಲ್ಲಿ ಕೂತು ಚಹಾ ಕುಡಿದು ವಾಪಸಾದೆವು. ಕೊಟ್ಟ ದುಡ್ಡಿನ ಲೆಕ್ಕ ಇಲ್ಲಿ ಬೇಡ.

ಆ ಹುಡುಗಿ ಹೇಳಿದ ಮಾತನ್ನೇ ಹಿಡಿದುಕೊಂಡು ನಾವು ಮುಂದಿನ ಪ್ರವಾಸ ಹುಡುಕಿದ್ದು. ಎತ್ತರವೂ ಬೇಕು, ಮರವೂ ಬೇಕು. ಕೇಳಲು ಸುಲಭ, ಆದರೆ ಜಗತ್ತಿನಲ್ಲಿ ಇವೆರಡೂ ಒಟ್ಟಿಗೆ ಸಿಗುವ ಜಾಗ ಕಡಿಮೆ. ಕಾರಣ ಸರಳ. ಬೆಟ್ಟ ಏರಿದಂತೆ ಒಂದು ಎತ್ತರದ ಮೇಲೆ ಮರ ಬೆಳೆಯುವುದೇ ಇಲ್ಲ, ಅದಕ್ಕೆ ಟ್ರೀಲೈನ್ ಎನ್ನುತ್ತಾರೆ, ಮರಗಳ ಗೆರೆ ಅಂತ ಇಟ್ಟುಕೊಳ್ಳಿ. ಈ ಗೆರೆಯನ್ನು ಎಳೆಯುವುದು ಚಳಿಗಾಲದ ಚಳಿಗಿಂತ ಹೆಚ್ಚಾಗಿ ಬೇಸಿಗೆಯ ಬಿಸಿ. ಬೆಳೆಯುವ ತಿಂಗಳುಗಳಲ್ಲಿ ಸರಾಸರಿ ಆರು ಡಿಗ್ರಿಯಷ್ಟಾದರೂ ಶಾಖ ಸಿಗದಿದ್ದರೆ ಮರ ಮರವಾಗಿ ಎದ್ದು ನಿಲ್ಲುವುದಿಲ್ಲ, ಪೊದೆಯಾಗಿಯೇ ಉಳಿಯುತ್ತದೆ. ಹಾಗಾಗಿ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಗೆರೆ ಕೆಳಗಿಳಿಯುತ್ತದೆ. ಸಮುದ್ರದಿಂದ ದೂರ, ಬೇಸಿಗೆಯಲ್ಲಿ ಚೆನ್ನಾಗಿ ಬಿಸಿಲು ಕಾಯುವ ಒಳನಾಡಿನಲ್ಲಿ ಮೇಲೇರುತ್ತದೆ.

ಯುರೋಪಿನ ಆಲ್ಪ್ಸ್‌ನಲ್ಲಿ ಈ ಗೆರೆ ಹೆಚ್ಚಿನ ಕಡೆ 2,000 ಮೀಟರಿನ ಆಚೀಚೆ. ಫ್ರಾನ್ಸಿನ ವಾಲ್ ತೊರೆನ್ಸ್ ಊರೇ 2,300 ಮೀಟರಿನಲ್ಲಿದೆ. ಹಿಮಕ್ಕೆ ಅದು ಹೆಸರಾದ ಜಾಗ, ಆದರೆ ಮರ ಹುಡುಕಿದರೆ ಕಡ್ಡಿಯೂ ಸಿಗಲಿಕ್ಕಿಲ್ಲ. ಅದೇ ದೇಶದ ಸೆರ್ ಶೆವಾಲಿಯೆಯಲ್ಲಿ ಲಾರ್ಚ್ ಮರಗಳ ಒಳ್ಳೆಯ ಕಾಡುಂಟು. ಸೂಜಿ ಎಲೆಯ ಮರವಾದರೂ ಲಾರ್ಚ್ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಹಾಗಾಗಿ ಕಾಡಿನೊಳಗೆ ಕತ್ತಲೆ ಇಲ್ಲ. ಆದರೆ ಊರು ತಗ್ಗಿನಲ್ಲಿರುವುದರಿಂದ ಬೆಚ್ಚಗಿನ ವರ್ಷ ಬಂದರೆ ಕೆಳಗಿನ ಭಾಗದಲ್ಲಿ ಹಿಮಕ್ಕೆ ತತ್ವಾರ. ಜಾರ್ಜಿಯದಲ್ಲೂ ಇದೇ ಕಥೆ. ಗುಡೌರಿ 2,200 ಮೀಟರ್, ಬೋಳು. ಬಕುರಿಯಾನಿ ಸುಮಾರು 1,700 ಮೀಟರ್, ಸುತ್ತಲೂ ದಟ್ಟ ಕಾಡು. 2023ರಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಬಕುರಿಯಾನಿಯಲ್ಲೇ. ಮೊದಲೇ ಯಾರಾದರೂ ಹೇಳಿದ್ದರೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ಮಕ್ಕಳನ್ನು ಕರೆದುಕೊಂಡು ಕೊಲ್ಲಿಯಿಂದ ಜಾರ್ಜಿಯಕ್ಕೆ ಹೊರಟವರು ಈ ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕಟ್ಟಿ.

ಎರಡೂ ಒಟ್ಟಿಗೆ ಧಾರಾಳವಾಗಿ ಸಿಗುವುದು ಅಮೆರಿಕದ ಕೊಲೊರಾಡೊದಲ್ಲಿ. ಅಲ್ಲಿ ಮರಗಳ ಗೆರೆ ಸುಮಾರು 3,500 ಮೀಟರ್! ಆಲ್ಪ್ಸ್‌ನಲ್ಲಿ ಬರಿ ಬಂಡೆ ಇರುವ ಎತ್ತರದಲ್ಲಿ ಅಲ್ಲಿ ಕಾಡು. ಬ್ರೆಕೆನ್‌ರಿಜ್ ಊರು 2,900 ಮೀಟರ್ ದಾಟಿದೆ. ಅಲ್ಲಿನ ಒಂದು ಕುರ್ಚಿ ಲಿಫ್ಟ್ 3,914 ಮೀಟರಿಗೆ ಏರಿಸುತ್ತದೆ, ಮೇಲಿನ ಭಾಗ ಬೋಳಾದರೂ ಕೆಳಗಿನದ್ದೆಲ್ಲ ಮರದ ನಡುವಿನ ದಾರಿಗಳು. ಕೀಸ್ಟೋನ್, ವಿಂಟರ್ ಪಾರ್ಕ್ ಕೂಡ ಹಾಗೆಯೇ. ಸ್ಟೀಮ್‌ಬೋಟ್ ಇವುಗಳಿಗಿಂತ ತಗ್ಗು, ಆದರೆ ಅಲ್ಲಿನ ಆಸ್ಪೆನ್ ಮರಗಳು ಬಿಳಿ ಕಾಂಡದವು, ನಡುವೆ ಜಾಗ ಬಿಟ್ಟು ಬೆಳೆದವು. ಆ ಕಾಡಿಗಾಗಿಯೇ ದೂರದಿಂದ ಬರುವವರಿದ್ದಾರೆ. ಮಕ್ಕಳು ಅಮೆರಿಕದಲ್ಲಿರುವ ಮನೆಯವರಿಗೆ ಇದು ಉಪಯೋಗಕ್ಕೆ ಬಂದೀತು. ನಾವು ಹೋದದ್ದು ಮಾತ್ರ ಕಾಶ್ಮೀರಕ್ಕೆ.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಎತ್ತರ 2,650 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಎಂದು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಅಲ್ಲಿಂದ ಗೊಂಡೋಲಾದ ಮೊದಲ ಹಂತ ಕೊಂಗ್ಡೂರಿಗೆ, ಸುಮಾರು 3,080 ಮೀಟರಿಗೆ ಏರಿಸುತ್ತದೆ. ಇದು 1998ರಲ್ಲಿ ಶುರುವಾದದ್ದು. 2005ರಲ್ಲಿ ಬಂದ ಎರಡನೇ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲೆ. ಪೋಸ್ಟರಿನಲ್ಲಿ ಎಲ್ಲರೂ ಹಾಕುವುದು ಈ ಎರಡನೇ ಹಂತದ ಚಿತ್ರ. ಆದರೆ ನಮ್ಮಂತಹ ಕುಟುಂಬಕ್ಕೆ ಬೇಕಾದ್ದು ಮೊದಲನೆಯದು. ಕೊಂಗ್ಡೂರಿಯಿಂದ ಕೆಳಗೆ ಗುಲ್ಮಾರ್ಗ್ ಬಟ್ಟಲಿಗೆ ಬರುವ ಇಳಿಜಾರು ಪೂರ್ತಿ ಫರ್ ಮತ್ತು ಪೈನ್ ಕಾಡಿನ ನಡುವೆ. ಲೆಕ್ಕ ಹಾಕಿ, ನಾನೂರು ಮೀಟರಿಗೂ ಹೆಚ್ಚು ಇಳಿತ, ಎರಡೂ ಬದಿ ಮರ. ಕೊಂಗ್ಡೂರಿಯಿಂದ ಸ್ವಲ್ಪ ಮೇಲಿನ ಕಡೆ ಭೂರ್ಜ ಮರಗಳೂ ಉಂಟು. ಹಿಂದೆ ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದರಲ್ಲ, ಅದೇ ಭೂರ್ಜ. ಇಷ್ಟು ಎತ್ತರದಲ್ಲಿ ಇಷ್ಟು ಮರ ಯಾಕೆಂದರೆ, ಗುಲ್ಮಾರ್ಗ್ ಆಲ್ಪ್ಸ್‌ಗಿಂತ ಎಷ್ಟೋ ದಕ್ಷಿಣಕ್ಕೆ ಇದೆ.

ಎರಡನೇ ದಿನ ಮೋಡ ಇಳಿಯಿತು, ಗುಡೌರಿಯ ಹಾಗೆಯೇ. ಎರಡನೇ ಹಂತ ನಿಲ್ಲಿಸಿದರು. ಅಕ್ಕ ನಮ್ಮ ಮುಖ ನೋಡಿದಳು. ಆದರೆ ಮೊದಲ ಹಂತ ಓಡುತ್ತಿತ್ತು. ಕಾಡಿನೊಳಗೆ ಹೋದರೆ ಬೇರೆಯೇ ಲೋಕ. ಮರದ ಕಪ್ಪು ಕಾಂಡಗಳು ಒಂದರ ಹಿಂದೆ ಒಂದು ಕಾಣುವುದರಿಂದ ನೆಲ ಎಲ್ಲಿದೆ, ಇಳಿಜಾರು ಎಷ್ಟು ಎಂದು ಕಣ್ಣಿಗೆ ಲೆಕ್ಕ ಸಿಗುತ್ತದೆ. ಗಾಳಿಯೂ ಒಳಗೆ ಬರುವುದಿಲ್ಲ. ಬೋಳು ಬೆಟ್ಟದಲ್ಲಿ ಬಿದ್ದ ಹಿಮವನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ, ಇಲ್ಲವೇ ಒತ್ತಿ ಗಟ್ಟಿ ಮಾಡುತ್ತದೆ. ಕಾಡಿನಲ್ಲಿ ಅದು ಬಿದ್ದ ಹಾಗೆಯೇ ಮೆತ್ತಗೆ ಇರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನಾವೂ ಆ ಏಜೆಂಟಿನ ಹಾಗೆ ಅರ್ಧ ಹೇಳಿದಂತಾಗುತ್ತದೆ. ಮರಕ್ಕೂ ಅದರದ್ದೇ ಅಪಾಯ ಉಂಟು. ದಟ್ಟ ಕೊಂಬೆಗಳ ಕೆಳಗೆ ಹಿಮ ಕಡಿಮೆ ಬೀಳುವುದರಿಂದ ಬುಡದ ಸುತ್ತ ಬಾವಿಯಂತಹ ಗುಂಡಿ ಆಗಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ತಲೆಕೆಳಗಾಗಿ ಅದರೊಳಗೆ ಬಿದ್ದವರು ತಾವಾಗಿ ಮೇಲೆ ಬರುವುದು ಬಹಳ ಕಷ್ಟ, ಸಡಿಲ ಹಿಮ ಮೈಮೇಲೆ ಕುಸಿದು ಉಸಿರು ಕಟ್ಟುತ್ತದೆ. ಹಾಗಾಗಿ ಮರದ ನಡುವೆ ಒಬ್ಬರೇ ಹೋಗಲೇಬಾರದು, ಜೊತೆಗಿರುವವರು ಕಣ್ಣಿಗೆ ಕಾಣುತ್ತಿರಬೇಕು, ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬಾರದು, ಕುತ್ತಿಗೆಯಲ್ಲಿ ಒಂದು ಸೀಟಿ ಇರಲಿ. ಹೊಸಬರಿಗೆ, ಮಕ್ಕಳಿಗೆ ಬೇಕಾದ್ದು ಮರಗಳ ನಡುವೆ ಅಗಲವಾಗಿ ಬಿಡಿಸಿದ ದಾರಿ. ಮರಗಳ ಒಳಗೇ ನುಗ್ಗುವುದು ಪಳಗಿದವರ ಆಟ. ಹೋಟೆಲಿನವರು “ಕಾಡಿನ ದಾರಿ ಉಂಟು” ಎಂದರೆ ಯಾವುದು ಎಂದು ಬಿಡಿಸಿ ಕೇಳಿ.

ಇನ್ನೊಂದು ತಪ್ಪು ನಂಬಿಕೆ, ಮರ ಇದ್ದರೆ ಹಿಮಕುಸಿತ ಆಗುವುದಿಲ್ಲ ಎಂಬುದು. ತೀರಾ ದಟ್ಟ ಕಾಡು ಹಿಮವನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಸ್ಕೀ ಮಾಡಲು ಆರಾಮ ಆಗುವಷ್ಟು ಬಿಡಿಬಿಡಿ ಮರಗಳಿದ್ದರೆ ಕುಸಿತಕ್ಕೂ ಅಲ್ಲಿ ದಾರಿ ಇದೆ ಎಂದೇ ಅರ್ಥ. ಗುಲ್ಮಾರ್ಗ್‌ನ ಮೇಲಿನ ತೆರೆದ ಇಳಿಜಾರುಗಳಲ್ಲಿ 2024ರ ಫೆಬ್ರವರಿ 22ರಂದು ಕುಸಿತಕ್ಕೆ ಸಿಕ್ಕಿ ರಷ್ಯಾದ ಒಬ್ಬರು ತೀರಿಕೊಂಡರು. 2017ರ ಜೂನ್‌ನಲ್ಲಿ ಜೋರು ಗಾಳಿಗೆ ಮರ ಉರುಳಿ ಗೊಂಡೋಲಾದ ಕೇಬಲ್ ಮೇಲೆ ಬಿದ್ದು ಏಳು ಮಂದಿಯ ಪ್ರಾಣ ಹೋಯಿತು. ಗಾಳಿ ಜೋರಾದಾಗ ಗೊಂಡೋಲಾ ನಿಲ್ಲಿಸಿದರೆ ಅಲ್ಲಿನವರ ಮೇಲೆ ರೇಗಬೇಡಿ.

ಇಷ್ಟೆಲ್ಲ ಎತ್ತರವಿದ್ದೂ ಹಿಮ ಕೈಕೊಡುವುದುಂಟು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಟ್ಟಲು ಕಂದು ಹುಲ್ಲಿನಲ್ಲಿ ಒಣಗಿ ನಿಂತಿತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಆದ್ದರಿಂದ ಡಿಸೆಂಬರ್ ರಜೆಗೆ ಹೋಗಿ ಹಿಮ ಇಲ್ಲ ಎಂದು ಅಳುವುದಕ್ಕಿಂತ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯೊಳಗೆ ಹೋಗುವುದು ಮೇಲು. ಇಲ್ಲೊಂದು ತೊಡಕೂ ಉಂಟು. ರಮಝಾನ್ ಈಗ ಸರಿಯಾಗಿ ಹಿಮದ ತಿಂಗಳುಗಳಿಗೆ ಬಂದು ಕೂತಿದೆ, 2026 ಮತ್ತು 2027ರಲ್ಲಿ ಫೆಬ್ರವರಿಯಲ್ಲೇ ಆರಂಭ. ಎತ್ತರದಲ್ಲಿ ದೇಹಕ್ಕೆ ನೀರು ಬಹಳ ಬೇಕು. ಉಪವಾಸ ಹಿಡಿದು ಇಡೀ ದಿನ ಸ್ಕೀ ಮಾಡುವ ಸಾಹಸ ಬೇಡ. ಕ್ಯಾಲೆಂಡರ್ ನೋಡಿಯೇ ಟಿಕೆಟ್ ಮಾಡಿ.

ಎತ್ತರದ ಮಾತು ಬಂದದ್ದಕ್ಕೆ ಹೇಳುವುದು. ಮಂಗಳೂರಿನ ಕಡಲ ಮಟ್ಟದಿಂದ ಒಂದೇ ದಿನದಲ್ಲಿ 2,650 ಮೀಟರಿಗೆ ಹಾರಿದರೆ ತಲೆನೋವು, ನಿದ್ದೆಗೆಡುವುದು ಸಾಮಾನ್ಯ. ನಾವು ಒಂದು ರಾತ್ರಿ ಶ್ರೀನಗರದಲ್ಲಿ ಉಳಿದೆವು, ಗುಲ್ಮಾರ್ಗ್‌ನಲ್ಲಿ ಮೊದಲ ದಿನ ಬರಿ ನಡೆದಾಡಿದೆವು. ಹೃದಯದ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳದೆ ಹೊರಡಬಾರದು. ಟಂಗ್ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ರಸ್ತೆಗೆ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಬೇಕು, ಅಲ್ಲಿನ ಗಾಡಿಯನ್ನೇ ಹಿಡಿಯಿರಿ. ಹಲಾಲ್ ಊಟ ಹುಡುಕುವ ತಲೆಬಿಸಿ ಇಲ್ಲ. ಗುಡೌರಿಯಲ್ಲಿ ಮೂರು ದಿನ ಮೊಟ್ಟೆ ಬ್ರೆಡ್ಡು ತಿಂದ ನಮಗೆ ಅದೂ ಸಣ್ಣ ವಿಷಯ ಅಲ್ಲ.

ಬೇರೆ ಯಾವುದೇ ಜಾಗ ನೋಡುವಾಗಲೂ ಏಜೆಂಟಿನ ಹತ್ತಿರ ಮೂರು ಎತ್ತರ ಕೇಳಿ: ಊರಿನದ್ದು, ಮರಗಳ ಗೆರೆಯದ್ದು, ತುದಿಯ ಲಿಫ್ಟಿನದ್ದು. ಊರಿಗೂ ಮರಗಳ ಗೆರೆಗೂ ನಡುವೆ ಎಷ್ಟು ಅಂತರ ಉಂಟು, ಆ ಅಂತರದಲ್ಲಿ ಲಿಫ್ಟ್ ಉಂಟಾ ಎಂಬುದೇ ಮೋಡದ ದಿನ ನಿಮ್ಮ ಕೈಗೆ ಸಿಗುವ ಸ್ಕೀಯಿಂಗ್. ಹೆಚ್ಚಾಗಿ ದೊಡ್ಡಕ್ಷರದಲ್ಲಿ ಹಾಕುವುದು ತುದಿಯದ್ದನ್ನು ಮಾತ್ರ. ಅವರಿಗೆ ಗೊತ್ತಿಲ್ಲದಿದ್ದರೆ ಸ್ಕೀ ದಾರಿಗಳ ನಕ್ಷೆಯನ್ನು ತರಿಸಿ ನೋಡಿ, ಅದರಲ್ಲಿ ಮರ ಇರುವ ಜಾಗವನ್ನು ಚಿತ್ರಿಸಿಯೇ ಇರುತ್ತಾರೆ.

ಗುಲ್ಮಾರ್ಗ್‌ನ ಕೊನೆಯ ದಿನ ಗೈಡ್ ನಮ್ಮಲ್ಲಿ ಪಳಗಿದ ಮೂವರನ್ನು ಕಾಡಿನ ದಾರಿಯಾಗಿ ಬಾಬಾ ರೇಶಿ ಝಿಯಾರತ್‌ವರೆಗೆ ಇಳಿಸಿದ. ಗುಲ್ಮಾರ್ಗ್ ಬಟ್ಟಲಿನ ಅಂಚಿನಿಂದ ಕೆಳಕ್ಕೆ ಪೈನ್ ಮರಗಳ ನಡುವೆ ಅದು ಇನ್ನೂ ಉದ್ದದ ಇಳಿತ. ಉಳಿದವರು ಜೀಪಿನಲ್ಲಿ ಹೋಗಿ ಕೆಳಗೆ ಕಾದೆವು. ಮತ್ತೆ ಕಾಯುವುದು, ಮತ್ತೆ ಅಕ್ಕನ ತುಟಿ ಅಲುಗುವುದು. ಮರಗಳ ಒಳಗಿನಿಂದ ಮೊದಲು ಸದ್ದು ಕೇಳಿತು. ಪ್ರತಿ ತಿರುವಿನಲ್ಲಿ ಮೂವರೂ ಒಬ್ಬರ ಹೆಸರು ಒಬ್ಬರು ಕೂಗುತ್ತಾ ಬರುತ್ತಿದ್ದರು, ಗೈಡ್ ಹಾಗೆ ಹೇಳಿಕೊಟ್ಟಿದ್ದನಂತೆ. ಆಮೇಲೆ ಕಾಂಡಗಳ ನಡುವೆ ಕೆಂಪು ಜಾಕೆಟ್ ಕಂಡಿತು. ಹುಡುಗಿ ಸ್ಕೀ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದವಳು, “ಹಸಿವಾಗ್ತಾ ಉಂಟು ಉಮ್ಮ, ತಿನ್ಲಿಕ್ಕೆ ಎಂತ ಉಂಟು?” ಎಂದಳು.