ಕಡಲ ಕಾನೂನು ಅಂತಃಸಾಕ್ಷಿಯನ್ನು ಬಂಧಿಸುವುದೇ?

ಕಲ್ಲುಗುಂಡಿಯ ಮಗ್ಗುಲಲ್ಲಿ ಹರಿಯುವ ಪಯಸ್ವಿನಿ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಘಟ್ಟದ ಬುಡದಲ್ಲಿರುವ ನಮಗೆ ಕಡಲೆಂದರೆ ಬಹುಮಟ್ಟಿಗೆ ಊರಿಗೆ ಬರುವ ಬೂತಾಯಿ, ಬಂಗುಡೆ. ಆ ಮೀನನ್ನು ಹಿಡಿದ ಬಗೆಯೂ ನೈತಿಕ ದೈವಶಾಸ್ತ್ರದ ವಿಷಯವೇ ಆಗಿದೆ.

ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲ್ ಮತ್ತು ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ದೇಶದ ಆರ್ಥಿಕ ವಲಯದ ಕಡಲಿನಲ್ಲಿ ನಿಷೇಧಿಸಿತು. ಜನರೇಟರಿನಿಂದ ಉರಿಸಿದ ಪ್ರಖರ ಎಲ್‌ಇಡಿ ದೀಪಗಳಿಗೆ ಇರುಳಲ್ಲಿ ಮೀನು ಮುತ್ತುತ್ತದೆ. ಬಲೆ ಸುತ್ತುವರಿದಾಗ ಮರಿಗಳೂ ಉಳಿಯುವುದಿಲ್ಲ. ತಿನ್ನಲು ಬಾರದ ಮರಿಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ದಡದ ಸಮೀಪ ದುಡಿಯುವ ನಾಡದೋಣಿಯವರು ಇದರ ವಿರುದ್ಧ ಮತ್ತೆ ಮತ್ತೆ ಪ್ರತಿಭಟಿಸಿದ್ದಾರೆ.

ಇಲ್ಲೊಂದು ಹಳೆಯ ತೊಡಕಿದೆ. ಸುವಾರೆಜ್ ಮೊದಲಾದವರು ಸಮರ್ಥಿಸಿದ 'ಕೇವಲ ದಂಡನಾ ಕಾನೂನು' ಎಂಬ ಸಿದ್ಧಾಂತದ ಪ್ರಕಾರ ಕೆಲವು ಕಾನೂನುಗಳು ಅಂತಃಸಾಕ್ಷಿಯನ್ನು ಬಂಧಿಸುವುದಿಲ್ಲ. ಸಿಕ್ಕಿಬಿದ್ದರೆ ದಂಡ ತೆತ್ತರಾಯಿತು. ಬೇಟೆ ಮತ್ತು ಮೀನುಗಾರಿಕೆಯ ಕಟ್ಟಳೆಗಳನ್ನು ಇದಕ್ಕೆ ಉದಾಹರಣೆಯಾಗಿ ಕೊಡುವುದು ರೂಢಿಯಾಗಿತ್ತು. ದೊರೆಯ ವಿನೋದಕ್ಕೆಂದು ಮೀಸಲಾದ ಕಾಡು, ಕೊಳಗಳ ಮಟ್ಟಿಗೆ ಆ ವಾದವನ್ನು ಒಪ್ಪಬಹುದೇನೋ. ಕಡಲಿಗೆ ಅದನ್ನು ಅನ್ವಯಿಸುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ಇಲ್ಲಿ ನಷ್ಟ ದೊರೆಗಲ್ಲ, ಬರಿಗೈಯಲ್ಲಿ ಮರಳುವ ನೆರೆಯವನಿಗೆ. ಮೀನಿನ ಸಂತತಿ ಕ್ಷೀಣಿಸಿದಾಗ ಬೇರೆ ದಾರಿಯಿಲ್ಲದ ಸಣ್ಣ ಮೀನುಗಾರರೇ ವಿಶೇಷವಾಗಿ ನರಳುತ್ತಾರೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ (48) ಎತ್ತಿ ಹೇಳಿದ್ದಾರೆ.

ಧರ್ಮೋಪದೇಶಕಾಂಡ 22:6-7 ಇನ್ನೂ ಹತ್ತಿರದ ಆಧಾರ. ಗೂಡು ಕಂಡವನು ಮರಿಗಳನ್ನು ಒಯ್ಯಬಹುದು, ತಾಯಿಹಕ್ಕಿಯನ್ನು ಮಾತ್ರ ಬಿಟ್ಟುಬಿಡಬೇಕು. ಉಪಯೋಗಕ್ಕೆ ಅಡ್ಡಿಯಿಲ್ಲ, ಬುಡವನ್ನೇ ಕಡಿಯುವುದಕ್ಕೆ ಅಡ್ಡಿಯಿದೆ. ಮಳೆಗಾಲದ ನಿಷೇಧ ಮೊಟ್ಟೆಯಿಡುವ ಮೀನನ್ನು ಕಾಯುತ್ತದೆ. ಬಲೆಯ ಕಣ್ಣಿನ ಅಳತೆ ಮರಿಯನ್ನು ಕಾಯುತ್ತದೆ.

(ಕಾನೂನು ಒಪ್ಪಿದ್ದೆಲ್ಲವೂ ನ್ಯಾಯವೆಂದು ಇದರ ಅರ್ಥವಲ್ಲ. ಊರವರೆಲ್ಲ ಸೇರಿ ದಡಕ್ಕೆಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ಬಂದ ಮೇಲೆ ಮೂಲೆ ಸೇರಿತು. ಅದು ಅಕ್ರಮದಿಂದ ಆದದ್ದಲ್ಲ.)

ಹಾಗಾದರೆ ಪಾಪನಿವೇದನೆಯ ಪೀಠದಲ್ಲಿ ಗುರುಗಳು ಏನು ಹೇಳಬೇಕು? ದಿನಗೂಲಿಗೆ ಬಲೆಯೆಳೆದವನ ಹೊಣೆ, ದೀಪ ಕಟ್ಟಿಸಿ ಲಾಭ ಪಡೆದ ಮಾಲಕನ ಹೊಣೆಗೆ ಸಮನಲ್ಲ. ಮಾಲಕನಿಗೆ ಪಶ್ಚಾತ್ತಾಪದೊಂದಿಗೆ ನಷ್ಟ ತುಂಬಿಕೊಡುವ ಋಣವೂ ಉಂಟು. ನಷ್ಟಗೊಂಡವರು ಇಂಥವರೇ ಎಂದು ಗೊತ್ತಾಗದಿದ್ದಾಗ ಬಡವರಿಗೆ ಕೊಡುವುದು ಧರ್ಮಸಭೆಯ ಹಳೆಯ ಕ್ರಮ. ಇಲ್ಲಿ ಅವರನ್ನು ದೂರ ಹುಡುಕಬೇಕಾಗಿಲ್ಲ. ಅದೇ ದಡದ ನಾಡದೋಣಿಯ ಮನೆಗಳಲ್ಲಿ ಇದ್ದಾರೆ.